ದಾರಿ ಪುಸ್ತಕ

"ಯಾವ ಊರು ಅಮ್ಮಾ? ನಿಂದಾ, ನಂದಾ?"

2023ರ ಅಕ್ಟೋಬರ್‌ನಲ್ಲಿ, ಕನ್ನಡ ತರಗತಿಯ ಮನೆಗೆಲಸ ಮುಂದಿಟ್ಟುಕೊಂಡು ಮಗಳು ಕೇಳಿದ ಪ್ರಶ್ನೆ ಇದು. 'ನಮ್ಮ ಊರಿನ ಪ್ರಕೃತಿ' ಎಂಬ ವಿಷಯ, ಹತ್ತು ವಾಕ್ಯ ಬರೆಯಬೇಕಿತ್ತು. ಆಗ ಅವಳಿಗೆ ಎಂಟು ವರ್ಷ. "ಇದೂ ಒಂದು ಪ್ರಶ್ನೆಯಾ? ಕುಮಟಾ ಬರಿ" ಎಂದು ಒಗ್ಗರಣೆ ಹಾಕುತ್ತಲೇ ಅಡುಗೆಮನೆಯಿಂದ ಹೇಳಿ ಬರೆಸಿದೆ. ನಮ್ಮ ಊರಿನ ಹತ್ತಿರ ಅಘನಾಶಿನಿ ನದಿ ಹರಿಯುತ್ತದೆ. ನಮ್ಮ ಊರಿನಲ್ಲಿ ಬಹಳ ಮಳೆ ಬೀಳುತ್ತದೆ. ತೆಂಗಿನ ತೋಟಗಳು ಹಸಿರಾಗಿವೆ. ಹೀಗೆ ಹತ್ತು. ಮುಂದಿನ ವಾರ ಪುಸ್ತಕದಲ್ಲಿ ಒಂದು ದೊಡ್ಡ ನಕ್ಷತ್ರ, ಪಕ್ಕದಲ್ಲಿ 'ತುಂಬಾ ಚೆನ್ನಾಗಿದೆ' ಎಂಬ ಟಿಪ್ಪಣಿ. ನಕ್ಷತ್ರ ನನಗೇ ಬಂದಷ್ಟು ಖುಷಿಪಟ್ಟೆ.

ಎರಡು ದಿನ ಬಿಟ್ಟು ಮಲಗುವ ಹೊತ್ತಿಗೆ ಅವಳು ಕೇಳಿದಳು: "ಅಮ್ಮಾ, ಅಘನಾಶಿನಿ ಯಾವ ಬಣ್ಣ ಇರತ್ತೆ?"

ಅವಳು ಕುಮಟಾ ನೋಡಿದ್ದು ನಾಲ್ಕು ವರ್ಷದವಳಿದ್ದಾಗ, ಅದೂ ಜಡಿಮಳೆಯ ಜುಲೈನಲ್ಲಿ, ಅಜ್ಜಿಯ ಮನೆಯ ಕಿಟಕಿಯಿಂದ. ಆ ಹತ್ತು ವಾಕ್ಯಗಳಲ್ಲಿ ಒಂದೂ ಅವಳದಾಗಿರಲಿಲ್ಲ. ತಪ್ಪಿಲ್ಲದ ಕನ್ನಡದಲ್ಲಿ ಬರೆದ, ಅವಳು ಕಾಣದ ಊರಿನ ವರ್ಣನೆ. ಅವಳು ದಿನಾ ಕಾಣುವ ಊರಿನ ಬಗ್ಗೆ ಬರೆಯಲು ಅವಳ ಹತ್ತಿರ ಕನ್ನಡವೇ ಇರಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ಹತ್ತಿರವೂ ಇರಲಿಲ್ಲ.

ಇಲ್ಲಿಗೆ ಬಂದ ಹೊಸತರಲ್ಲಿ ಎಲ್ಲರ ಹಾಗೆ ನಾನೂ "ಕತಾರಿನಲ್ಲಿ ನೋಡೋಕೆ ಏನಿದೆ?" ಎಂದೇ ಹೇಳುತ್ತಿದ್ದೆ. ವಿಸ್ತೀರ್ಣದಲ್ಲಿ ಈ ದೇಶ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ತುಸು ದೊಡ್ಡದು, ಅಷ್ಟೇ. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಯಾವ ಮೂಲೆಗಾದರೂ ಹೋಗಿ ಬರಬಹುದು. ಕುಮಟಾದಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಸುರಿಯುವ ಮಳೆ, ಇಲ್ಲಿ ಸರಾಸರಿ 75 ಮಿಲಿಮೀಟರಿನ ಆಸುಪಾಸು. ಘಟ್ಟವಿಲ್ಲ, ಹೊಳೆಯಿಲ್ಲ, ತಿರುವುಗಳಿಲ್ಲ. ಆದರೂ ನವೆಂಬರ್ ಬಂದು ಬಿಸಿಲು ಇಳಿಯುತ್ತಿದ್ದಂತೆ ಶುಕ್ರವಾರ ಮನೆಯಲ್ಲಿ ಕೂರಲಾಗದೆ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದೆವು. ಚಿತ್ರಾನ್ನ, ಮೊಸರನ್ನ, ಫ್ಲಾಸ್ಕಿನಲ್ಲಿ ಚಹಾ.

ಅಘನಾಶಿನಿಯ ಬಣ್ಣದ ಪ್ರಶ್ನೆಯಾದ ಮೇಲೆ ಗಾಡಿಯಲ್ಲಿ ಒಂದು ನಿಯಮ ಮಾಡಿದೆ. ಬಾಗಿಲು ಹಾಕಿದ ಮೇಲೆ ಕನ್ನಡ ಮಾತ್ರ. ಇಂಗ್ಲಿಷ್ ವಾಕ್ಯ ಬಂದರೆ ಡಬ್ಬಿಗೆ ಒಂದು ರಿಯಾಲ್ ದಂಡ. ಮೊದಲ ದಿನವೇ ಹೆಚ್ಚು ದಂಡ ಕಟ್ಟಿದ್ದು ನನ್ನ ಗಂಡ, ಎರಡನೆಯ ಸ್ಥಾನ ನನ್ನದು. ಮಗಳು ಜಾಣೆ, ಸುಮ್ಮನೆ ಕೂತುಬಿಟ್ಟಳು. ಶಮಾಲ್ ರಸ್ತೆಗೆ ಬಂದು ಹತ್ತು ನಿಮಿಷವಾಗುವಷ್ಟರಲ್ಲಿ ಮರಳು, ಒಂಟೆ, ಬಿಸಿಲು ಎಂದು ಮೂರು ಪದ ಮುಗಿದು ಗಾಡಿಯಲ್ಲಿ ನಿಶ್ಶಬ್ದ. ಕಿಟಕಿಯ ಹೊರಗಿದ್ದದ್ದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಹೆಸರಿರಲಿಲ್ಲ.

ಮುಂದಿನ ವಾರ ದುಖಾನ್ ದಾರಿ ಹಿಡಿದು ಜಕ್ರೀತ್‌ಗೆ ಹೋದೆವು. ಅಲ್ಲಿ ರಿಚರ್ಡ್ ಸೆರ್ರಾ ಎಂಬ ಅಮೆರಿಕದ ಶಿಲ್ಪಿ 2014ರಲ್ಲಿ ನಿಲ್ಲಿಸಿದ ನಾಲ್ಕು ಉಕ್ಕಿನ ಫಲಕಗಳಿವೆ. ಒಂದು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಒಂದೇ ಸಾಲಿನಲ್ಲಿ ನಿಂತಿವೆ. ನೆಲ ಏರುತಗ್ಗಾಗಿದ್ದರೂ ಅವುಗಳ ತಲೆ ಮಾತ್ರ ಒಂದೇ ಮಟ್ಟದಲ್ಲಿರುತ್ತದೆ. ಅಲ್ಲಿಂದ ಮುಂದೆ, ಗಾಳಿ ಕೊರೆದು ಕೊರೆದು ಕುತ್ತಿಗೆ ಸಣ್ಣಗಾಗಿ, ಮೇಲೆ ಚಪ್ಪಟೆ ಟೊಪ್ಪಿಗೆ ಉಳಿದ ಬಿಳಿ ಸುಣ್ಣಕಲ್ಲುಗಳು. ಮಗಳು ಬೆರಳು ತೋರಿಸಿದಳು. ಬಾಯಿ ತೆರೆದಳು, ದಂಡದ ನೆನಪಾಗಿ ಮುಚ್ಚಿದಳು. ಆಮೇಲೆ ನಿಧಾನಕ್ಕೆ, "ಅಪ್ಪಾ, ಅಣಬೆ ಕಲ್ಲು!" ಎಂದಳು.

ಆ ಪದವನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅಣಬೆ ಗೊತ್ತಿತ್ತು, ಕಲ್ಲು ಗೊತ್ತಿತ್ತು, ಎರಡನ್ನೂ ಅವಳೇ ಸೇರಿಸಿದ್ದಳು. ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ ಅಲ್ಲಿನ ಅಂಗಡಿಯಲ್ಲಿ ಒಂದು ಸಣ್ಣ ನೋಟ್‌ಪುಸ್ತಕ ಕೊಂಡೆವು. ಮೊದಲ ಪುಟದಲ್ಲಿ 'ಅಣಬೆ ಕಲ್ಲು, ಜಕ್ರೀತ್' ಎಂದು ಬರೆದಳು. ರಟ್ಟಿನ ಮೇಲೆ ಅವಳೇ ಇಟ್ಟ ಹೆಸರು: 'ದಾರಿ ಪುಸ್ತಕ'.

ಡಿಸೆಂಬರ್‌ನಲ್ಲಿ ಅಪ್ಪ ಬಂದರು. ಎಷ್ಟೋ ವರ್ಷದಿಂದ ಕರೆಯುತ್ತಿದ್ದೆ. "ಮರುಭೂಮಿ ನೋಡೂಕೆ ಅಷ್ಟು ದುಡ್ಡು ಕೊಟ್ಟು ಬರೂದಾ?" ಎಂದು ತಳ್ಳಿಹಾಕುತ್ತಿದ್ದವರು. ಅಮ್ಮ ಮೊಣಕಾಲು ನೋವೆಂದು ಬರಲಿಲ್ಲ. ಮೊದಲ ವಾರ ಅಪ್ಪನಿಗೆ ಕಾರ್ನಿಶ್, ಸೂಕ್ ವಾಕಿಫ್, ವಸ್ತುಸಂಗ್ರಹಾಲಯ ಎಲ್ಲ ತೋರಿಸಿದೆವು. ಎಲ್ಲದಕ್ಕೂ "ಚಲೋ ಉಂಟು" ಎಂದರು. ಆ 'ಚಲೋ'ದ ಅರ್ಥ ನನಗೆ ಗೊತ್ತು. ನೆಂಟರ ಮನೆಯಲ್ಲಿ ಉಪ್ಪಿಲ್ಲದ ಸಾರು ಉಂಡಾಗ ಹೇಳುವ 'ಚಲೋ' ಅದು.

ಎರಡನೆಯ ಶುಕ್ರವಾರ ಅಲ್ ಖೋರ್ ದಾಟಿ ಅಲ್ ಥಖೀರಾಕ್ಕೆ ಹೋದೆವು. ದೋಹಾದಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್. ಬೋಳು ನೆಲದ ಕೊನೆಯಲ್ಲಿ ಇದ್ದಕ್ಕಿದ್ದಂತೆ ಹಸಿರು ಗೆರೆ ಕಂಡಿತು. ಅಪ್ಪ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತರು. ಗಾಡಿ ನಿಲ್ಲುವ ಮೊದಲೇ ಬಾಗಿಲು ತೆಗೆಯಲು ಹೊರಟರು.

"ಏ, ಇದು ಕಾಂಡ್ಲಾ ಅಲ್ವೇನೆ!"

ನೀರು ಇಳಿದಿದ್ದ ಹೊತ್ತು. ಅಪ್ಪ ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಗಾಡಿಯಲ್ಲೇ ಬಿಟ್ಟು ಕೆಸರಿಗೆ ಇಳಿದೇಬಿಟ್ಟರು. ಹಿಂದೆ ಮೊಮ್ಮಗಳು. ಕೆಸರಿನಿಂದ ಮೇಲಕ್ಕೆ ಪೆನ್ಸಿಲ್‌ಗಳನ್ನು ನಾಟಿದ ಹಾಗೆ ಸಾವಿರಾರು ಬೇರುಗಳು ನಿಂತಿದ್ದವು. "ತಂಗೀ, ಮೆಟ್ಟಬೇಡ ಅದನ್ನ. ಅದು ಮರದ ಮೂಗು. ಕೆಸರಲ್ಲಿ ಗಾಳಿ ಇಲ್ಲ ನೋಡು, ಅದಕ್ಕೇ ಬೇರು ಮೇಲೆ ಬಂದು ಉಸಿರು ತಗೊಳ್ತದೆ." ಆಮೇಲೆ ಒಂದು ಎಲೆ ಬಗ್ಗಿಸಿ, ನಾಲಿಗೆಯ ತುದಿ ಮುಟ್ಟಿಸಿ ಕಣ್ಣು ಕಿರಿದು ಮಾಡಿದರು. ಮಗಳೂ ನೆಕ್ಕಿದಳು. "ಉಪ್ಪು!" ಎಂದು ಕಿರುಚಿದಳು. ಈ ಮರ ಬಹಳಷ್ಟು ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ, ಒಳಗೆ ಬಂದದ್ದನ್ನು ಎಲೆಯಿಂದ ಹೊರಗೆ ಹಾಕುತ್ತದೆ. ಬಿಸಿಲಿಗೆ ನೀರು ಆರಿದ ಮೇಲೆ ಎಲೆಯ ಮೇಲೆ ಬಿಳಿ ಹರಳು ಉಳಿಯುತ್ತದೆ.

"ನಮ್ಮ ಅಳಿವೆಯಲ್ಲಿ ಕಾಲು ಅಗಲಿಸಿ ನಿಲ್ಲೂ ಜಾತಿಯೂ ಉಂಟು, ಇಲ್ಲಿ ಇದೊಂದೇ ಕಾಣ್ತದೆ. ಕುಳ್ಳಗೂ ಉಂಟು. ಪಾಪ, ಹೊಳೆಯ ಸಿಹಿನೀರು ಸಿಗೂದಿಲ್ಲ ಅಲ್ವಾ ಇದಕ್ಕೆ" ಎಂದರು ಅಪ್ಪ. ಅವರು ಹೇಳಿದ್ದು ಸರಿಯಿತ್ತು. ಕತಾರಿನಲ್ಲಿ ಸಹಜವಾಗಿ ಬೆಳೆಯುವ ಕಾಂಡ್ಲಾ ಒಂದೇ ಜಾತಿಯದು. ದೂರದಲ್ಲಿ ಚಳಿಗಾಲಕ್ಕೆ ಬಂದ ರಾಜಹಂಸಗಳು ತಲೆ ಬಗ್ಗಿಸಿ ಮೇಯುತ್ತಿದ್ದವು. ಏಡಿಗಳು ಬಿಲದ ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿ ಒಳಗೆ ಸರಿಯುತ್ತಿದ್ದವು. ಆ ದಿನ ದಾರಿ ಪುಸ್ತಕದ ಎರಡು ಪುಟ ತುಂಬಿದವು: ಕಾಂಡ್ಲಾ, ಅಳಿವೆ, ಭರತ, ಇಳಿತ, ರಾಜಹಂಸ, ಬಳಚು.

ನಾನು ದಡದಲ್ಲೇ ನಿಂತಿದ್ದೆ. ಅಪ್ಪ ತಿರುಗಿ ನೋಡಿ, "ಬಾರೆ, ನೀನೂ ಇಳಿ" ಎಂದರು. ಆಗ ನನಗೆ ಹೊಳೆದದ್ದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕುಮಟಾದಲ್ಲಿ ಹುಟ್ಟಿ ಬೆಳೆದ ನಾನು ಕಾಂಡ್ಲಾದ ಕೆಸರಿಗೆ ಅಲ್ಲಿಯವರೆಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಅಪ್ಪನದು ಅಂಚೆ ಇಲಾಖೆಯ ಕೆಲಸ, ನಮ್ಮ ಮನೆ ಪೇಟೆಯಲ್ಲಿ. ಹೊಳೆಯಂಚಿನ ಅಜ್ಜನ ಮನೆಗೆ ಹೋದರೂ ಹೆಣ್ಣುಮಕ್ಕಳು ಅಂಗಳದಲ್ಲೇ ಆಡಬೇಕು. ಗಜನಿ ಗದ್ದೆಯ ಕಡೆಗೆ, ನೀರಿನ ಕಡೆಗೆ ಗಂಡುಮಕ್ಕಳು ಹೋಗುತ್ತಿದ್ದರು. ಆಮೇಲೆ ಓದು, ಬೆಂಗಳೂರು, ಮದುವೆ, ದೋಹಾ. 'ಕಾಂಡ್ಲಾ' ಎಂಬ ಪದ ನನಗೆ ಗೊತ್ತಿತ್ತು, ಮರ ಗೊತ್ತಿರಲಿಲ್ಲ. ಮಗಳಿಗೆ ಮರ ಸಿಕ್ಕ ದಿನವೇ ಪದವೂ ಸಿಕ್ಕಿತು. ಅವಳ ಕನ್ನಡದ ಬಗ್ಗೆ ಚಿಂತೆ ಮಾಡುತ್ತಿದ್ದವಳು ನಾನು!

ಚಪ್ಪಲಿ ಬಿಟ್ಟು ಇಳಿದೆ. ಕೆಸರು ತಣ್ಣಗಿತ್ತು.

ಆ ವರ್ಷದ ಕೊನೆಯ ವಾರ ಸೀಲೈನ್ ಕಡೆ ಮರಳುಗಾಡಿನಲ್ಲಿ ಪರಿಚಯದವರ ಚಳಿಗಾಲದ ಗುಡಾರಕ್ಕೆ ಹೋಗಿದ್ದೆವು. ರಾತ್ರಿ ಹತ್ತರ ಹೊತ್ತಿಗೆ ಬೆಂಕಿ ಸಣ್ಣದಾಗಿತ್ತು. ಅಪ್ಪ ಶಾಲು ಹೊದ್ದು ಆಕಾಶ ನೋಡುತ್ತಾ ಮೊಮ್ಮಗಳಿಗೆ ಲುಬ್ಧಕ ತೋರಿಸಿದರು. ಅದರ ಕೆಳಗೆ, ದಕ್ಷಿಣದ ದಿಗಂತಕ್ಕೆ ಹತ್ತಿರ, ಇನ್ನೊಂದು ಪ್ರಕಾಶಮಾನ ನಕ್ಷತ್ರ. "ಅದು ಅಗಸ್ತ್ಯ. ಕಾವೇರಿಯನ್ನು ಕಮಂಡಲದಲ್ಲಿ ಇಟ್ಕೊಂಡಿದ್ದ ಋಷಿ ಇದ್ದಾನಲ್ಲ, ಅವನೇ." ಗುಡಾರ ನೋಡಿಕೊಳ್ಳುವ ಸುಡಾನಿನ ಹಿರಿಯರೊಬ್ಬರು ಚಹಾ ತಂದವರು ಅಪ್ಪನ ಬೆರಳು ಹೋದ ಕಡೆ ನೋಡಿದರು. ನಕ್ಕು ತಾವೂ ಅದೇ ಕಡೆ ಬೆರಳು ಮಾಡಿ, "ಸುಹೈಲ್" ಎಂದರು.

ನಡುವೆ ನನ್ನ ಗಂಡನ ಅರೆಬರೆ ಅರಬ್ಬಿ. ಸುಹೈಲ್ ಕಂಡಿತೆಂದರೆ ಈ ಕಡೆಯವರಿಗೆ ಬೇಸಿಗೆ ಮುರಿಯುವ ಸೂಚನೆ. ಆಗಸ್ಟ್ ಕೊನೆಯ ಹೊತ್ತಿಗೆ ಬೆಳಗಿನ ಜಾವ ದಕ್ಷಿಣದಲ್ಲಿ ಅದು ಕಾಣತೊಡಗುತ್ತದೆ, ಆಮೇಲೆ ರಾತ್ರಿಗಳು ನಿಧಾನಕ್ಕೆ ತಂಪಾಗುತ್ತವೆ. ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಕತಾರಾದಲ್ಲಿ ನಡೆಯುವ ಗಿಡುಗಗಳ ಪ್ರದರ್ಶನಕ್ಕೂ ಅದೇ ಹೆಸರು. ಅಪ್ಪ ತಲೆಯಾಡಿಸಿ ಕೇಳಿಸಿಕೊಂಡರು. "ನಮ್ಮಲ್ಲಿ ಅಗಸ್ತ್ಯ ಮೂಡಿದ ಮೇಲೆ ಮಳೆಗಾಲದ ಕದಡಿದ ನೀರು ತಿಳಿಯಾಗ್ತದೆ ಅಂತಾರೆ, ಅವರಿಗೆ ಹೇಳು" ಎಂದರು. ಒಂದೇ ನಕ್ಷತ್ರ, ಒಂದು ಕಡೆ ಬಿಸಿಲು ಮುರಿಯುತ್ತದೆ, ಇನ್ನೊಂದು ಕಡೆ ನೀರು ತಿಳಿಯಾಗುತ್ತದೆ. ಇಬ್ಬರು ಹಿರಿಯರೂ ಚಹಾ ಕುಡಿದು ಮುಗಿಸುವವರೆಗೆ ಅದನ್ನೇ ನೋಡುತ್ತಾ ಕೂತಿದ್ದರು. ಮಗಳು ಟಾರ್ಚ್ ಬೆಳಕಿನಲ್ಲಿ ಬರೆದಳು: 'ಅಗಸ್ತ್ಯ = ಸುಹೈಲ್.'

ಹೆಸರು ಹುಡುಕುವ ಉಮೇದಿನಲ್ಲಿ ಪೆಟ್ಟು ತಿಂದದ್ದೂ ಇದೆ. ನನ್ನ ಗಂಡನ ಊರು ಧಾರವಾಡ. ಘಾಫ್ ಎಂಬ ಇಲ್ಲಿನ ಮರ ನಮ್ಮ ಬನ್ನಿಯೇ ಎಂದು ಎಲ್ಲೋ ಓದಿದ್ದರು. ಅದು ನಿಜವೇ, ಎರಡೂ ಒಂದೇ ಜಾತಿ. 2024ರ ವಿಜಯದಶಮಿ ಶನಿವಾರ, ರಜೆಯ ದಿನವೇ ಬಂದಿತ್ತು. ದಾರಿಬದಿಯ ಮರದ ಕೆಳಗೆ ಬಿದ್ದಿದ್ದ ಒಂದು ಟೊಂಗೆಯನ್ನು ಹೆಮ್ಮೆಯಿಂದ ತಂದು, ದೇವರ ಮುಂದಿಟ್ಟು, ವಿಡಿಯೋ ಕರೆಯಲ್ಲಿ ಅತ್ತೆಗೆ ತೋರಿಸಿದೆವು. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಏ, ಇದು ಬನ್ನಿ ಅಲ್ಲೋ, ಬಳ್ಳಾರಿ ಜಾಲಿ! ಇದನ್ನ ಯಾರರ ಬಂಗಾರ ಅಂತ ಕೊಡತಾರೇನು? ಮುಳ್ಳು ನೋಡು ಮೊದಲ."

ಆಮೇಲೆ ಪಾಠ ಮಾಡಿದರು. ಗೆಣ್ಣಿನ ಹತ್ತಿರ ಉದ್ದನೆಯ ಜೋಡಿ ಮುಳ್ಳಿದ್ದರೆ ಅದು ಜಾಲಿ. ಬನ್ನಿಯ ಮುಳ್ಳು ಸಣ್ಣವು, ಟೊಂಗೆಯ ಉದ್ದಕ್ಕೂ ಅಲ್ಲೊಂದು ಇಲ್ಲೊಂದು. ಎಲೆಯೂ ಸಣ್ಣದು. ನಿಜವಾದ ಬನ್ನಿ ನಮಗೆ ಸಿಕ್ಕಿದ್ದು ಒಂದು ತಿಂಗಳ ನಂತರ, ಒಂದು ಉದ್ಯಾನದಲ್ಲಿ. ಮುಳ್ಳು ಎಣಿಸಿ ನೋಡಿದವಳು ಮಗಳೇ. ಅಷ್ಟರಲ್ಲಿ ಸಿದ್ರಾ ಮರ ನಮ್ಮ ಬೋರೆಯ ಹತ್ತಿರದ ನೆಂಟ ಎಂಬುದೂ ಪುಸ್ತಕಕ್ಕೆ ಸೇರಿತ್ತು. ಈಗ ಗಾಡಿಯಲ್ಲಿ ನಿಶ್ಶಬ್ದವಿರುವುದಿಲ್ಲ. ದಂಡದ ಡಬ್ಬಿ ತುಂಬುವುದೂ ನಿಧಾನವಾಗಿದೆ.

ಆ ಡಿಸೆಂಬರ್‌ನಲ್ಲಿ ಊರಿಗೆ ಹೋದೆವು. ಬೆಂಗಳೂರಿನಿಂದ ರಾತ್ರಿಯ ಪಂಚಗಂಗಾ ರೈಲು, ಬೆಳಿಗ್ಗೆ ಕುಮಟಾ. ಅಪ್ಪ ಮರುದಿನವೇ ಮೊಮ್ಮಗಳನ್ನು ಕರೆದುಕೊಂಡು ಹೊಳೆಯಂಚಿಗೆ ಹೊರಟರು, ನಾನೂ ಹೋದೆ. ನೀರು ಇಳಿದಿತ್ತು. ಸೊಂಟ ಬಗ್ಗಿಸಿ ಬಳಚು ಆರಿಸುವ ಹೆಂಗಸರು ದೂರದಲ್ಲಿ ಕಾಣುತ್ತಿದ್ದರು. ಅದೇ ವರ್ಷ ಅಘನಾಶಿನಿ ಅಳಿವೆ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತ್ತು. ಮಗಳು ಕಟ್ಟೆಯ ಮೇಲೆ ನಿಂತು ಒಂದು ಸುತ್ತು ನೋಡಿ, ಖುಷಿಯಿಂದ ಕೂಗಿದಳು:

"ಅಜ್ಜಾ! ಇದು ನಮ್ಮ ಥಖೀರಾ ಥರಾನೇ ಇದೆ!"

ನನಗೆ ಎದೆಯಲ್ಲಿ ಚುರ್ ಎಂದಿತು. ಇಷ್ಟು ವರ್ಷ ನಾನು ಕತಾರಿನಲ್ಲಿ ಏನು ಕಂಡರೂ 'ನಮ್ಮ ಕುಮಟಾ ಥರ' ಅಥವಾ 'ಕುಮಟಾ ಥರ ಇಲ್ಲ' ಎಂದೇ ಅಳೆಯುತ್ತಿದ್ದೆ. ಇವಳಿಗೆ ಅಳತೆಗೋಲು ಥಖೀರಾ. ಅವಳ ವಾಕ್ಯದಲ್ಲಿ 'ನಮ್ಮ' ಎಂಬುದು ಆ ಕಡೆಗಿತ್ತು. ಅಪ್ಪನಿಗೆ ಬೇಜಾರಾಯಿತೇನೋ ಎಂದು ಮುಖ ನೋಡಿದೆ. ಅವರು ನಗುತ್ತಿದ್ದರು. "ಹೌದೇ ತಂಗೀ, ಸಮುದ್ರ ಒಂದೇ ಅಲ್ವಾ" ಎಂದರು.

ಅವಳು ಆಗಲೇ ಒಂದು ಎಲೆ ನೆಕ್ಕಿ ನೋಡಿದ್ದಳು. "ಇಲ್ಲಿ ಉಪ್ಪು ಕಮ್ಮಿ ಅಜ್ಜಾ." ಅಪ್ಪ ನನ್ನ ಕಡೆ ತಿರುಗಿದರು. "ನೋಡಿದ್ಯಾ? ಹೊಳೆ ನೀರು ಸೇರ್ತದೆ ಅಂತ ನಾಲಿಗೆಯಲ್ಲೇ ಕಂಡುಹಿಡಿದಳು. ಊರಲ್ಲೇ ಇದ್ದ ಮಕ್ಕಳಿಗೆ ಇದು ಗೊತ್ತಿಲ್ಲ."

ಮುಂದೆ ನಮ್ಮ ಪಾಲಿನ ಗಜನಿ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಮೀನು, ಸೀಗಡಿ. ಹಾಗೆ ಎಷ್ಟೋ ತಲೆಮಾರು ನಡೆದ ಗದ್ದೆ. ಈಗ ಕೆಲವು ವರ್ಷಗಳಿಂದ ಬಿತ್ತಿಲ್ಲ. ಕೆಲಸದವರಿಲ್ಲ, ಕಟ್ಟೆ ಒಡೆದಿದೆ, ದೊಡ್ಡಪ್ಪನ ಮಕ್ಕಳು ಹುಬ್ಬಳ್ಳಿ, ಪುಣೆ ಎಂದು ಹೋಗಿದ್ದಾರೆ. ಗದ್ದೆಯ ನಡುವೆ ಕಾಂಡ್ಲಾ ಗಿಡಗಳು ತಾವಾಗಿ ಎದ್ದಿದ್ದವು. ಅಪ್ಪ ಅವುಗಳನ್ನು ತೋರಿಸುತ್ತಾ, ನೀರು ಒಳಗೆ ಬಿಡುವ ಬಾಗಿಲು ಎಲ್ಲಿತ್ತು, ಬೀಜ ಮೊಳಕೆ ಬರಿಸುವುದು ಹೇಗೆ, ಯಾವ ಭರತಕ್ಕೆ ಯಾವ ಮೀನು ಬರುತ್ತಿತ್ತು ಎಂದು ಹೇಳುತ್ತಾ ಹೋದರು. ಅವರು ಆಡಿದ ಪದಗಳಲ್ಲಿ ಅರ್ಧದಷ್ಟು ನಾನೂ ಕೇಳಿರಲಿಲ್ಲ. ಮಗಳು ಬರೆದುಕೊಳ್ಳುತ್ತಿದ್ದಳು. ನಾನು ಅವಳ ಭುಜದ ಮೇಲಿಂದ ಇಣುಕಿ ಓದಿಕೊಳ್ಳುತ್ತಿದ್ದೆ.

ಕನ್ನಡ ಕಳೆದುಹೋಗುವುದು ನಮ್ಮಂಥ ಹೊರನಾಡಿನ ಮನೆಗಳಲ್ಲಿ ಮಾತ್ರ, ಊರಿನಲ್ಲಿ ಅದು ಭದ್ರವಾಗಿದೆ ಎಂದುಕೊಂಡಿದ್ದೆ. ಉಳುವ ಕೆಲಸ ನಿಂತ ಗದ್ದೆಯಲ್ಲಿ ಆ ಕೆಲಸದ ಮಾತೂ ನಿಲ್ಲುತ್ತದೆ, ಗದ್ದೆ ಕುಮಟಾದಲ್ಲೇ ಇದ್ದರೂ. ಮನೆಗೆ ಬರುವಾಗ ಅಪ್ಪನೇ ಹೇಳಿದರು: "ನಂಗೆ ಗೊತ್ತಿದ್ದಷ್ಟು ನಿಂಗೆ ಗೊತ್ತಿಲ್ಲ, ಅದು ನನ್ನ ತಪ್ಪು. ನಿನ್ನನ್ನ ಅಂಗಳದಲ್ಲೇ ಬಿಟ್ಟೆ." ನಾನು ಏನೂ ಹೇಳಲಿಲ್ಲ. ಮಗಳು ಮುಂದೆ ಮುಂದೆ ಕುಣಿಯುತ್ತಾ ಹೋಗುತ್ತಿದ್ದಳು, ಮೊಣಕಾಲವರೆಗೆ ಕೆಸರು.

ಇದೆಲ್ಲ ಬರೆಯಲು ಕಾರಣ ಕಳೆದ ತಿಂಗಳ ಒಂದು ಸಂಗತಿ. ಈ ಸಲ ತರಗತಿಯಲ್ಲಿ ಮತ್ತೆ ಪ್ರಕೃತಿಯ ಬಗ್ಗೆ ಬರೆಯಲು ಕೊಟ್ಟಿದ್ದರು. ನಾನು ಅಡುಗೆಮನೆಯಲ್ಲೇ ಇದ್ದೆ, ಯಾರೂ ಏನೂ ಕೇಳಲಿಲ್ಲ. ಬರೆದು ಮುಗಿಸಿದ್ದನ್ನು ಆಮೇಲೆ ಓದಿದೆ. 'ನನಗೆ ಎರಡು ಕಾಂಡ್ಲಾ ಕಾಡು ಗೊತ್ತು' ಎಂದು ಶುರುವಾಗಿತ್ತು. ನಾಲ್ಕು ಕಾಗುಣಿತ ತಪ್ಪು, ಒಂದು ಕಡೆ ಒತ್ತಕ್ಷರ ಇಲ್ಲ. ನಾನು ತಿದ್ದಲಿಲ್ಲ. ಅದು ಗುರುಗಳ ಕೆಲಸ.

ಅದೇ ವಾರ ದುಖಾನ್ ಹತ್ತಿರದ ಸಬ್ಖಾ ನೋಡಲು ಹೋಗಿದ್ದೆವು. ಸಮುದ್ರಮಟ್ಟಕ್ಕಿಂತ ಕೆಳಗಿರುವ ಉಪ್ಪಿನ ಬಯಲು. ದೂರದಿಂದ ಗಟ್ಟಿ ನೆಲ, ಕಾಲಿಟ್ಟರೆ ಮೇಲಿನ ಬಿಳಿ ಹೆಪ್ಪಳಿಕೆ ಒಡೆದು ಒಳಗೆ ಹಸಿ. ಮಗಳು ಅಲ್ಲಿಂದಲೇ ಅಜ್ಜನಿಗೆ ಫೋನ್ ಮಾಡಿ ಎಲ್ಲ ವರ್ಣಿಸಿ, ಇದಕ್ಕೆ ಏನಂತಾರೆ ಎಂದು ಕೇಳಿದಳು. "ಸಾಣಿಕಟ್ಟೆಯ ಆಗರದ ಥರ ಉಂಟಾ?" ಎಂದರು ಅಪ್ಪ. "ಇಲ್ಲ ಅಜ್ಜಾ, ಅಲ್ಲಿ ಜನ ಉಪ್ಪು ಮಾಡ್ತಾರೆ. ಇಲ್ಲಿ ಅದಾಗೇ ಆಗತ್ತೆ." ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು.

"ಹಾಗಾದ್ರೆ ನನ್ನ ಹತ್ರ ಹೆಸರಿಲ್ಲ ತಂಗೀ. ಕಣ್ಣಾರೆ ನೋಡಿದವಳು ನೀನು, ನೀನೇ ಇಡು."

ಪುಸ್ತಕದಲ್ಲಿ ಆ ಪುಟಕ್ಕೆ ತಾರೀಕು ಹಾಕಿ, 'ಸಬ್ಖಾ' ಎಂದು ಬರೆದು, ಪಕ್ಕದಲ್ಲಿ ಜಾಗ ಬಿಟ್ಟಿದ್ದಾಳೆ. ಮೂರು ವಾರದಿಂದ ಯೋಚನೆ ನಡೆದಿದೆ. ನಾನೊಂದು ಹೆಸರು ಸೂಚಿಸಿದೆ, ಅವಳಿಗೆ ಹಿಡಿಸಲಿಲ್ಲ. ಈ ಶುಕ್ರವಾರ ಮತ್ತೊಮ್ಮೆ ಹೋಗಿ ನೋಡಬೇಕಂತೆ.